ಕಪ್ಪು ಚಾಪೆ

ಡುಲೂತಿನ ಏರುದಾರಿಯಲ್ಲಿ, ಸರೋವರಕ್ಕೆ ಮುಖಮಾಡಿದ ಆ ಮನೆಗೆ
ಮೊದಲ ಸಲ ಹೋದಾಗ ಮಾರ್ಚ್ ತಿಂಗಳು.
ಹಳೆಯ ಹಿಮ ಬೂದಿಬಣ್ಣಕ್ಕೆ ತಿರುಗಿ ಮೆಟ್ಟಿಲ ಬದಿಗೆ ಬಿದ್ದುಕೊಂಡಿತ್ತು.
ಕೈಯಲ್ಲಿ ನಲವತ್ತೊಂದು ಪ್ರಶ್ನೆಗಳ ಹಾಳೆ.
ಮರೆವಿನವರನ್ನು ನೋಡಿಕೊಳ್ಳಲು ಈ ಮನೆ ಲಾಯಕ್ಕೋ ಅಲ್ಲವೋ
ಹೇಳುವುದು ನನ್ನ ಕೆಲಸ.

ಹೊರಬಾಗಿಲ ಮುಂದೆ ಕಪ್ಪು ಚಾಪೆ.
"ಬೀಗಕ್ಕಿಂತ ಅಗ್ಗ," ಎಂದರು ಮ್ಯಾನೇಜರು.
"ಅವರ ಕಣ್ಣಿಗೆ ಅದು ಬಾವಿ. ಯಾರೂ ದಾಟುವುದಿಲ್ಲ."
ಅಂಚಿಗೆ ಚಪ್ಪಲಿ ಗುರುತುಗಳು,
ಬಂದವು, ನಿಂತವು, ಇಣುಕಿದವು, ಹಿಂದಿರುಗಿದವು.

ಆರ್ವಿಡ್ ಮೂವತ್ತನಾಲ್ಕು ವರ್ಷ ಅದಿರು ತುಂಬಿದವನು.
ರಾತ್ರಿ ಮೂರಕ್ಕೆ ಎದ್ದು, ಎಡದ ಬೂಟು ಬಲಕ್ಕೆ ಹಾಕಿ
ಚಾಪೆಯ ದಡದಲ್ಲಿ ನಿಲ್ಲುತ್ತಿದ್ದ: "ಪಾಳಿಗೆ ಹೊತ್ತಾಯಿತು."
"ನೀನು ನಿವೃತ್ತ, ಆರ್ವಿಡ್. ನಿನ್ನ ಹೆಂಡತಿಯೂ ತೀರಿಕೊಂಡಳು."
ನಿಜವನ್ನೇ ಹೇಳುತ್ತಿದ್ದರು, ಪಾಪ.
ಆ ಸಾವು ಮಾತ್ರ ಅವನಿಗೆ ದಿನಾ ಹೊಸದು,
ದಿನಾ ಮೊದಲ ಅಳು.
ಆಮೇಲೆ ಅರ್ಧ ಮಾತ್ರೆ. ಆಮೇಲೆ ಪೂರ್ತಿ.

ಹದಿನೇಳು ಕಡೆ 'ಇಲ್ಲ' ಎಂದು ಬರೆದು ಬಂದೆ.

ಬೇಸಿಗೆಯೆಲ್ಲ ತರಬೇತಿ ನಡೆಯಿತಂತೆ.
ಇಫ್ರಾಹ್, ರಾತ್ರಿಪಾಳಿಯವಳು, ಬಸ್ಸಿನಲ್ಲಿ ಓದುತ್ತಾ
ಎರಡು ಸಲ ತನ್ನ ಸ್ಟಾಪು ದಾಟಿ ಹೋದಳಂತೆ.
ಪರೀಕ್ಷೆಯಲ್ಲಿ ಕೇಳಿದ್ದರು:
ರೋಗಿ 'ಮನೆಗೆ ಹೋಗಬೇಕು' ಎಂದರೆ ನೀವೇನು ಮಾಡುತ್ತೀರಿ?
ಉತ್ತರ ನಾಲ್ಕು. ಒಂದಕ್ಕೆ ಗುರುತು ಹಾಕಿ
ಅಂಚಿನಲ್ಲಿ ಬರೆದಿದ್ದಳು: "ಮೊದಲು, ಯಾವ ಮನೆ ಅಂತ ಕೇಳುತ್ತೇನೆ."
ಅಂಚಿಗೆ ಅಂಕವಿಲ್ಲ.
ಅವಳಿಗೂ ಸಮುದ್ರದ ಆಚೆ ಒಂದು ಮನೆಯಿತ್ತು;
ಅದನ್ನು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ನವೆಂಬರಿನಲ್ಲಿ ಮತ್ತೆ ಹೋದೆ.
ಊಟದ ಮೇಜಿಗೆ ಕೆಂಪು ತಟ್ಟೆಗಳು ಬಂದಿದ್ದವು.
ಬಿಳಿ ತಟ್ಟೆಯಲ್ಲಿ ಬಿಳಿ ಆಲೂಗಡ್ಡೆ, ಬಿಳಿ ಮೀನು:
ಎರಡು ವರ್ಷ ಕಡತದಲ್ಲಿ 'ಹಸಿವಿಲ್ಲ' ಎಂದಿತ್ತು,
ಕಾಣುತ್ತಿರಲಿಲ್ಲ, ಅಷ್ಟೆ.

ಆ ರಾತ್ರಿ ಮೊಗಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ.
ಚಾಪೆ ಇರಲಿಲ್ಲ. ಅದಿದ್ದಲ್ಲಿ ನೆಲ
ಸುತ್ತಲಿಗಿಂತ ಒಂದಿಷ್ಟು ಬೆಳ್ಳಗಿತ್ತು.
ಮೂರಕ್ಕೆ ಆರ್ವಿಡ್ ಬಂದ. ಬಂದು
ಇಲ್ಲದ ಚಾಪೆಯ ದಡದಲ್ಲಿ ಗಕ್ಕನೆ ನಿಂತ.

ಇಫ್ರಾಹ್ ಓಡಿ ಬರಲಿಲ್ಲ. ನಡೆದು ಬಂದು
ಆ ಬಿಳಿಚಿದ ಚೌಕದ ನಡುವೆ ನಿಂತು ಕೈ ಚಾಚಿದಳು.
"ಇವತ್ತು ಎಷ್ಟು ಹಡಗು, ಆರ್ವಿಡ್?"
"ಎರಡು." ಸ್ವಲ್ಪ ಹೊತ್ತು ಬಿಟ್ಟು, "ಒಂದು ತಡ."
ಬೂಟು ಅದಲುಬದಲು ಮಾಡಿ ಹಾಕಿದಳು, ಕೋಟು ತೊಡಿಸಿದಳು,
ಇಬ್ಬರೂ ಹೊರಗಿನ ಬೆಂಚಿಗೆ ಹೋದರು.
ಕತ್ತಲಲ್ಲಿ ಎಲ್ಲೋ ಹಡಗಿನ ಕೂಗು:
ಒಂದು ಉದ್ದ, ಎರಡು ಗಿಡ್ಡ.
"ಬಂತು," ಎಂದ. "ಬಂತು," ಎಂದಳು.
"ಹಾಗಾದರೆ ಮಲಗಬಹುದು."
ಇಪ್ಪತ್ತೆರಡು ನಿಮಿಷ.
ನನ್ನ ಹಾಳೆಯಲ್ಲಿ ಇದಕ್ಕೆ ಕಾಲಮ್ಮಿಲ್ಲ.
ಮಾತ್ರೆ ಎಷ್ಟು ಎಂಬಲ್ಲಿ ಸೊನ್ನೆ ಬರೆದೆ,
ಸಾಮಾನ್ಯಕ್ಕಿಂತ ದೊಡ್ಡದಾಯಿತು.

"ಎಲ್ಲ ರಾತ್ರಿಯೂ ಹೀಗಿರಲ್ಲ," ಎಂದಳು,
ಮೊಣಕೈಯ ನೀಲಿ ಗಾಯ ತೋರಿಸಿ. "ಮೊನ್ನೆಯದು.
ಗೊತ್ತಿಲ್ಲದೆ ಹಿಂದಿನಿಂದ ಮುಟ್ಟಿದೆ. ತಪ್ಪು ನನ್ನದೇ."
ಸಂಬಳ ಗಂಟೆಗೆ ಒಂದು ಡಾಲರು ಏರಿದೆಯಂತೆ.
ಬಸ್ಸು ಮಾತ್ರ ಹಾಗೇ, ತನಗೆ ಬೇಕಾದಾಗ.

ಪ್ರಮಾಣಪತ್ರ ಗಾಜಿನ ಚೌಕಟ್ಟಿನಲ್ಲಿ ಬಾಗಿಲ ಪಕ್ಕ ತೂಗಬೇಕು,
ಅದು ನಿಯಮ. ಜನವರಿಯಲ್ಲಿ ನೋಡಹೋದರೆ
ಮೊಳೆ ಇತ್ತು, ಪತ್ರ ಇರಲಿಲ್ಲ.
ಲೆಂಪಿ ತೆಗೆದುಕೊಂಡು ಹೋಗಿದ್ದಳು.
ಒಂದು ಕಾಲದ ಗ್ರಂಥಪಾಲಕಿ; ಅದನ್ನು ಮಡಿಲಲ್ಲಿಟ್ಟು
ಹೆಬ್ಬೆರಳಿನಿಂದ ಮುದ್ರೆ ಒತ್ತಿ ಒತ್ತಿ ಬೈಯುತ್ತಿದ್ದಳು:
"ಯಾರದಿದು? ವಾಯಿದೆ ಮೀರಿದೆ. ಐದು ಸೆಂಟು ದಂಡ."

ಮ್ಯಾನೇಜರು ಕಸಿಯಲು ಹೊರಟರು.
ಇಫ್ರಾಹ್ ತಡೆದು, ಜೇಬಿನಿಂದ ನಾಣ್ಯ ತೆಗೆದು
ಲೆಂಪಿಯ ಅಂಗೈಯಲ್ಲಿಟ್ಟಳು.
"ನನ್ನದು. ಇನ್ನೂ ಓದಿ ಮುಗಿದಿಲ್ಲ.
ಇನ್ನೊಂದು ವಾರ ಕೊಡುತ್ತೀರಾ?"

ನಾನು ಪೆನ್ನಿನ ಮುಚ್ಚಳ ತೆಗೆದೆ.
ಪತ್ರ ಗೋಡೆಯ ಮೇಲಿದೆಯೇ? ಎಂಬ ಪ್ರಶ್ನೆಗೆ
ಬಳಕೆಯಲ್ಲಿದೆ, ಎಂದು ಬರೆದೆ.